ಕಾಲಿನ ಅಭಿಧಮನಿಗಳ ಉಬ್ಬು: ಒತ್ತಡದ ಕಾಲುಚೀಲವನ್ನು ಆರಿಸುವ ಮತ್ತು ಧರಿಸುವ ಕ್ರಮ

ಹಗಲೆಲ್ಲ ದುಡಿದು ಸಂಜೆ ಜಗಲಿಯ ಮೇಲೆ ಕುಳಿತಾಗ ಕಾಲುಗಳು ಕಲ್ಲಿನಂತೆ ಭಾರವೆನಿಸುವುದು, ಪಾದದ ಗಂಟಿನ ಸುತ್ತ ಬಾವು ಕಾಣಿಸುವುದು, ಮೀನಖಂಡದ ಮೇಲೆ ನೀಲಿಬಣ್ಣದ ಅಂಕುಡೊಂಕಾದ ನಾಳಗಳು ಎದ್ದು ತೋರುವುದು ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶಗಳಲ್ಲಿ ಅಪರೂಪದ ಸಂಗತಿಯಲ್ಲ. ಇದನ್ನು ‘ವಾಯು’ ಎಂದೋ, ‘ನರ ಉಬ್ಬಿದೆ’ ಎಂದೋ ಹೇಳಿ ಎಣ್ಣೆ ತಿಕ್ಕಿ ಮಲಗುವವರೇ ಹೆಚ್ಚು. ಉಬ್ಬಿರುವುದು ನರವಲ್ಲ. ನರವೆಂದರೆ ಸ್ಪರ್ಶ, ನೋವು ಮೊದಲಾದ ಸಂವೇದನೆಗಳನ್ನು ಒಯ್ಯುವ ತಂತು. ಇಲ್ಲಿ ಉಬ್ಬಿರುವುದು ರಕ್ತವನ್ನು ಕಾಲಿನಿಂದ ಹೃದಯಕ್ಕೆ ಹಿಂದಿರುಗಿಸುವ ನಾಳ. ಇದಕ್ಕೆ ಅಭಿಧಮನಿ ಎಂದು ಹೆಸರು. ವೈದ್ಯರು ಈ ತೊಂದರೆಯನ್ನು ‘ವೆರಿಕೋಸ್ ವೇನ್ಸ್’ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಆರಂಭದಲ್ಲಿಯೇ ಲಕ್ಷ್ಯ ಕೊಟ್ಟಲ್ಲಿ ಇದು ಜೀವನವನ್ನು ಕೆಡಿಸುವ ರೋಗವಲ್ಲ. ಅಲಕ್ಷ್ಯ ಮಾಡಿದಲ್ಲಿ ವರ್ಷಗಟ್ಟಲೆ ಮಾಯದ ಹುಣ್ಣಾಗಿ ಮನೆಯ ದುಡಿಮೆಯನ್ನೇ ನಿಲ್ಲಿಸಬಲ್ಲದು.

ಈ ರೋಗ ಹೇಗೆ ಉಂಟಾಗುತ್ತದೆ?

ಅಡಿಕೆ ತೋಟವುಳ್ಳ ಯಾರಿಗಾದರೂ ಇದನ್ನು ವಿವರಿಸುವುದು ಸುಲಭ. ಬಾವಿಗೆ ಇಳಿಬಿಟ್ಟ ಪಂಪಿನ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ಅದು ಸರಿಯಾಗಿದ್ದಷ್ಟು ಕಾಲ ಮೇಲೇರಿದ ನೀರು ಮೇಲೆಯೇ ನಿಲ್ಲುತ್ತದೆ. ಅದು ಸವೆದರೆ ಪಂಪು ನಿಂತೊಡನೆ ಪೈಪಿನಲ್ಲಿದ್ದ ನೀರೆಲ್ಲ ಬಾವಿಗೆ ಇಳಿದುಬಿಡುತ್ತದೆ. ಕಾಲಿನ ಅಭಿಧಮನಿಗಳೊಳಗೂ ಇಂತಹ ಕವಾಟಗಳಿವೆ. ವ್ಯತ್ಯಾಸವೆಂದರೆ ಪೈಪಿಗೆ ಒಂದೇ ವಾಲ್ವ್, ಕಾಲಿನಲ್ಲಿ ಹಂತಹಂತಕ್ಕೂ ಒಂದೊಂದು ಕವಾಟ. ನಡೆಯುವಾಗ ಮೀನಖಂಡದ ಮಾಂಸಖಂಡಗಳು ಕುಗ್ಗಿ ರಕ್ತವನ್ನು ಮೇಲಕ್ಕೆ ಒತ್ತುತ್ತವೆ, ಕವಾಟಗಳು ಅದು ಕೆಳಗಿಳಿಯದಂತೆ ತಡೆಯುತ್ತವೆ. ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದು ಈ ಕಾರಣದಿಂದ.

ಅಲ್ಲಾಡದೆ ನಿಂತಿರುವ ಮನುಷ್ಯನ ಪಾದದ ಗಂಟಿನ ಬಳಿ ಅಭಿಧಮನಿಯೊಳಗಿನ ಒತ್ತಡವು ಪಾದರಸದ ಸುಮಾರು 80ರಿಂದ 90 ಮಿಲಿಮೀಟರಿನಷ್ಟಿರುತ್ತದೆ. ಅದೇ ಮನುಷ್ಯ ನಡೆಯತೊಡಗಿದರೆ, ಕವಾಟಗಳು ಆರೋಗ್ಯವಾಗಿದ್ದಲ್ಲಿ, ಒತ್ತಡವು 20–30ಕ್ಕೆ ಇಳಿಯುತ್ತದೆ. ಕವಾಟ ಕೆಟ್ಟವರಲ್ಲಿ ಎಷ್ಟು ನಡೆದರೂ ಅದು ಅಷ್ಟಾಗಿ ಇಳಿಯುವುದಿಲ್ಲ. ಹಗಲಿಡೀ ಈ ಒತ್ತಡವನ್ನು ತಾಳಿದ ನಾಳವು ಹಿಗ್ಗುತ್ತದೆ. ಹಿಗ್ಗಿದೊಡನೆ ಅದರೊಳಗಿನ ಕವಾಟದ ಎರಡು ರೆಕ್ಕೆಗಳು ಒಂದಕ್ಕೊಂದು ತಾಗದೆ ಇನ್ನಷ್ಟು ಸೋರುತ್ತವೆ. ಹೀಗೆ ಒಂದು ಕವಾಟದ ದೋಷವು ಅದರ ಕೆಳಗಿನ ಕವಾಟಕ್ಕೆ ಹರಡುತ್ತದೆ. ಕ್ರಮೇಣ ದ್ರವವು ನಾಳದಿಂದ ಹೊರಗೆ ಒಸರಿ ಬಾವಾಗುತ್ತದೆ, ಪಾದದ ಗಂಟಿನ ಒಳಬದಿಯ ಚರ್ಮ ಕಂದು ಬಣ್ಣಕ್ಕೆ ತಿರುಗುತ್ತದೆ, ತುರಿಕೆ ಹುಟ್ಟುತ್ತದೆ, ಕೊನೆಗೆ ಸೊಳ್ಳೆ ಕಚ್ಚಿದ ಜಾಗವನ್ನು ಕೆರೆದ ಮಾತ್ರಕ್ಕೆ ಹುಣ್ಣಾಗುತ್ತದೆ.

ತಂದೆತಾಯಿಗಳಿಗೆ ಈ ತೊಂದರೆ ಇದ್ದಲ್ಲಿ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಹಲವು ಬಾರಿ ಗರ್ಭ ಧರಿಸಿದ ಸ್ತ್ರೀಯರಿಗೆ, ಸ್ಥೂಲಕಾಯರಿಗೆ, ವಯಸ್ಸಾದವರಿಗೆ ಕೂಡ ಹಾಗೆಯೇ. ಇವುಗಳ ಜೊತೆಗೆ ಉದ್ಯೋಗವನ್ನೂ ಎಣಿಸಬೇಕು. ಬಿ.ಸಿ. ರೋಡಿನ ವೃತ್ತದಲ್ಲಿ ನಿಲ್ಲುವ ಪೊಲೀಸರು, ಬಸ್ಸಿನ ನಿರ್ವಾಹಕರು, ಮೂಡುಬಿದಿರೆಯ ಶಾಲಾ ಕಾಲೇಜುಗಳ ಅಧ್ಯಾಪಕರು, ಹೋಟೆಲಿನ ಅಡಿಗೆಯವರು, ಬಟ್ಟೆ ಅಂಗಡಿಯ ಹುಡುಗಿಯರು, ಗೇರುಬೀಜದ ಕಾರ್ಖಾನೆಯ ಕೆಲಸಗಾರರು, ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೋಗಿ ಕೌಂಟರಿನ ಹಿಂದೆ ದಿನವಿಡೀ ನಿಲ್ಲುವ ನಮ್ಮ ತರುಣರು ಈ ಸಾಲಿನಲ್ಲಿ ಬರುತ್ತಾರೆ. ನಿಲ್ಲುವುದೊಂದೇ ದೋಷವಲ್ಲ. ಕುಳಿತೇ ಇರುವುದೂ ದೋಷವೇ. ಮೊಣಕಾಲು ಮಡಿಸಿ, ಮಡಿಲಲ್ಲಿ ಗೆರಸೆಯಿಟ್ಟುಕೊಂಡು, ಬೀಡಿ ಸಾವಿರ ಪೂರೈಸುವತನಕ ಏಳದೆ ಕುಳಿತಿರುವ ತಾಯಂದಿರ ಮೀನಖಂಡಕ್ಕೆ ಕೆಲಸವೇ ಇರುವುದಿಲ್ಲ. ಕೈ ಮಾತ್ರ ದುಡಿಯುತ್ತಿರುತ್ತದೆ. ಇಂತಹವರು ಐವತ್ತು ಬೀಡಿ ಸುತ್ತಿದೊಡನೆ ಗೆರಸೆಯನ್ನು ಕೆಳಗಿಟ್ಟು ಎದ್ದು, ಗೋಡೆ ಹಿಡಿದು ಹಿಮ್ಮಡಿಯನ್ನು ಇಪ್ಪತ್ತು ಬಾರಿ ಎತ್ತಿ ಇಳಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಇದಕ್ಕೆ ಒಂದು ನಿಮಿಷ ಸಾಕು, ಗಡಿಯಾರ ನೋಡಬೇಕಾದ್ದೂ ಇಲ್ಲ. ಕೂಲಿ ತಪ್ಪುತ್ತದೆಂಬ ಹೆದರಿಕೆ ನನಗೆ ತಿಳಿಯದ ವಿಷಯವಲ್ಲ. ಆದರೆ ಹುಣ್ಣಾದ ಮೇಲೆ ತಪ್ಪುವ ಕೂಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಎಲ್ಲ ಕಾಲುನೋವೂ ಒಂದೇ ಅಲ್ಲ

ಕಾಲುಚೀಲದ ವಿಷಯಕ್ಕೆ ಬರುವ ಮೊದಲು ಇದನ್ನು ಸ್ಪಷ್ಟಪಡಿಸಬೇಕಾಗಿದೆ. ಈ ಭಾಗದ ಅನೇಕ ಮನೆಗಳಲ್ಲಿ ಪತ್ನಿ ಬೀಡಿ ಸುತ್ತುತ್ತಾಳೆ, ಪತಿ ಬೀಡಿ ಸೇದುತ್ತಾನೆ. ಇಬ್ಬರಿಗೂ ಕಾಲುನೋವು. ಆದರೆ ಒಂದೇ ಸೂರಿನಡಿಯ ಆ ಎರಡು ನೋವುಗಳು ಒಂದಕ್ಕೊಂದು ವಿರುದ್ಧವಾದ ರೋಗಗಳಾಗಿರಬಹುದು. ಧೂಮಪಾನದಿಂದ ಕೆಡುವುದು ಅಪಧಮನಿ, ಅಂದರೆ ಹೃದಯದಿಂದ ಕಾಲಿಗೆ ಶುದ್ಧರಕ್ತವನ್ನು ತರುವ ನಾಳ. ಅಭಿಧಮನಿಯ ರೋಗದಲ್ಲಿ ರಕ್ತ ಕಾಲಿನಲ್ಲಿ ತುಂಬಿ ನಿಲ್ಲುತ್ತದೆ. ಅಪಧಮನಿಯ ರೋಗದಲ್ಲಿ ಕಾಲಿಗೆ ರಕ್ತವೇ ಸಾಲದಾಗುತ್ತದೆ. ಮೊದಲನೆಯದಕ್ಕೆ ಹೊರಗಿನಿಂದ ಒತ್ತಡ ಕೊಡುವುದು ಚಿಕಿತ್ಸೆ. ಎರಡನೆಯದಕ್ಕೆ ಅದೇ ಒತ್ತಡ ಕೊಟ್ಟರೆ ಬೆರಳು ಕಪ್ಪಾಗಿ ಕೊಳೆತು, ಕಾಲನ್ನೇ ಕತ್ತರಿಸಬೇಕಾದ ಪ್ರಸಂಗ ಬರಬಹುದು. ಹೆಂಡತಿಗೆ ತಂದ ಕಾಲುಚೀಲವನ್ನು ‘ನನಗೂ ಕಾಲುನೋವು’ ಎಂದು ಗಂಡ ಹಾಕಿಕೊಳ್ಳುವುದು ಎಷ್ಟು ಅಪಾಯಕರವೆಂಬುದನ್ನು ಇದರಿಂದ ಊಹಿಸಬಹುದು.

ಎರಡಕ್ಕೂ ಇರುವ ಭೇದವನ್ನು ಮನೆಯಲ್ಲಿಯೇ ಸ್ವಲ್ಪಮಟ್ಟಿಗೆ ಗುರುತಿಸಬಹುದು. ಅಭಿಧಮನಿಯ ನೋವು ನಿಂತಷ್ಟೂ ಹೆಚ್ಚುತ್ತದೆ, ಕಾಲನ್ನು ಎತ್ತಿ ಮಲಗಿದರೆ ಹಗುರವಾಗುತ್ತದೆ, ಬೆಳಿಗ್ಗೆ ಏಳುವಾಗ ಬಾವು ಇಳಿದಿರುತ್ತದೆ, ಕಾಲು ಬೆಚ್ಚಗಿರುತ್ತದೆ. ಅಪಧಮನಿಯ ನೋವು ಇಂತಿಷ್ಟು ದೂರ ನಡೆದೊಡನೆ ಮೀನಖಂಡದಲ್ಲಿ ಹಿಡಿದಂತಾಗಿ, ನಿಂತು ಕೆಲವು ನಿಮಿಷ ಕಳೆದರೆ ಬಿಡುತ್ತದೆ. ರೋಗ ಬೆಳೆದವರು ರಾತ್ರಿಯಲ್ಲಿ ಕಾಲನ್ನು ಮಂಚದಿಂದ ಇಳಿಬಿಟ್ಟು ಕುಳಿತು ಸಮಾಧಾನ ಪಡೆಯುತ್ತಾರೆ. ಬೆರಳುಗಳು ತಣ್ಣಗಿರುತ್ತವೆ, ಪಾದದ ನಾಡಿ ಕೈಗೆ ಸಿಕ್ಕುವುದಿಲ್ಲ. ವೈದ್ಯರು ಪಾದದ ಗಂಟಿನ ಬಳಿಯ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದೊಡನೆ ಹೋಲಿಸಿ ನೋಡುತ್ತಾರೆ. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ಪಾದದ ಒತ್ತಡವು ತೋಳಿನ ಒತ್ತಡದ 0.8 ಪಾಲಿಗಿಂತ ಕೆಳಗಿದ್ದರೆ ಬಿಗಿಯಾದ ಕಾಲುಚೀಲವನ್ನು ತಜ್ಞರ ಸಲಹೆಯಿಲ್ಲದೆ ಕೊಡಕೂಡದು, 0.5ಕ್ಕಿಂತ ಕೆಳಗಿದ್ದರೆ ಯಾವ ಒತ್ತಡವನ್ನೂ ಕೊಡಕೂಡದು. ಬಹುಕಾಲದ ಸಕ್ಕರೆ ಕಾಯಿಲೆಯುಳ್ಳವರಲ್ಲಿ ಈ ಲೆಕ್ಕ ದಾರಿ ತಪ್ಪಿಸುವುದೂ ಉಂಟು. ಅವರಿಗೆ ಪಾದದ ಸ್ಪರ್ಶಜ್ಞಾನವೂ ಕಡಿಮೆಯಾಗಿರುವುದರಿಂದ ಚೀಲ ಒತ್ತಿ ಗಾಯವಾದರೂ ತಿಳಿಯುವುದಿಲ್ಲ. ತೀವ್ರ ಹೃದಯದೌರ್ಬಲ್ಯವುಳ್ಳವರು ಮತ್ತು ಕಾಲಿನ ಚರ್ಮ ಕೆಂಪೇರಿ ಕೀವು ಸೋರುತ್ತಿರುವವರು ಕೂಡ ಚೀಲವನ್ನು ತಾವಾಗಿಯೇ ಹಾಕಿಕೊಳ್ಳತಕ್ಕದ್ದಲ್ಲ.

ಕರಾವಳಿಯವರಿಗೆ ಆನೆಕಾಲು ರೋಗ ಹೊಸದಲ್ಲ. ಅದರಲ್ಲಿ ಪಾದದ ಮೇಲ್ಭಾಗ ಹಾಗೂ ಬೆರಳುಗಳೂ ಊದಿಕೊಳ್ಳುತ್ತವೆ, ಚರ್ಮ ದಪ್ಪವಾಗುತ್ತದೆ, ಆಗಾಗ ಜ್ವರ ಬಂದು ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತದೆ. ಎರಡೂ ಕಾಲುಗಳು ಸಮನಾಗಿ ಊದಿಕೊಂಡು ಮುಖವೂ ಬಾತಿದ್ದರೆ ಮೂತ್ರಪಿಂಡ, ಹೃದಯ, ಯಕೃತ್ತುಗಳನ್ನು ಪರೀಕ್ಷಿಸಬೇಕು. ಗರ್ಭಿಣಿಯ ಮುಖ ಕೈಗಳು ಊದಿಕೊಂಡು ತಲೆನೋವು ಬಂದಲ್ಲಿ ಅದು ರಕ್ತದೊತ್ತಡದ ಸೂಚನೆ. ಅದಕ್ಕೆ ಕಾಲುಚೀಲ ಮದ್ದಲ್ಲ, ಅದೇ ದಿನ ಆಸ್ಪತ್ರೆಗೆ ಬರಬೇಕು.

ಒತ್ತಡದ ಕಾಲುಚೀಲವೆಂದರೇನು?

ಶಾಲೆಯ ಮಕ್ಕಳು ಹಾಕುವ ಕಾಲುಚೀಲಕ್ಕೂ ಇದಕ್ಕೂ ಸಂಬಂಧವಿಲ್ಲ. ಔಷಧದಂಗಡಿಯಲ್ಲಿ ‘ವೆರಿಕೋಸ್ ಸ್ಟಾಕಿಂಗ್ಸ್’ ಎಂದೇ ಕೇಳಬೇಕು. ಇದು ಎಳೆದರೆ ಹಿಗ್ಗುವ ನೂಲಿನಿಂದ ಹೆಣೆದದ್ದು. ಪಾದದ ಗಂಟಿನಲ್ಲಿ ಅತಿ ಬಿಗಿ, ಮೇಲೇರಿದಂತೆ ಸಡಿಲ. ಬಿಗಿಯು ಹೀಗೆ ಕ್ರಮವಾಗಿ ಇಳಿಯುವುದರಿಂದಲೇ ರಕ್ತವು ಮೇಲ್ಮುಖವಾಗಿ ಸರಿಯುತ್ತದೆ. ಈ ಕ್ರಮ ತಲೆಕೆಳಗಾದರೆ, ಅಂದರೆ ಮೇಲೆ ಬಿಗಿಯಾಗಿ ಕೆಳಗೆ ಸಡಿಲವಾದರೆ, ಚೀಲವು ಕಾಲಿಗೆ ಕಟ್ಟಿದ ಹಗ್ಗದಂತೆ ಕೆಲಸ ಮಾಡುತ್ತದೆ.

ಇದರ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಕಾನ್ರಾಡ್ ಜಾಬ್ಸ್ಟ್ ಎಂಬ ಅಮೆರಿಕದ ಇಂಜಿನಿಯರಿಗೆ ತನ್ನ ಕಾಲಿನ ಅಭಿಧಮನಿಗಳ ರೋಗದಿಂದ ಬಹಳ ತೊಂದರೆಯಿತ್ತು. ಈಜುಕೊಳದಲ್ಲಿ ನಿಂತಾಗ ಮಾತ್ರ ಕಾಲುನೋವು ಮಾಯವಾಗುವುದನ್ನು ಆತ ಗಮನಿಸಿದ. ನೀರು ಆಳವಾದಷ್ಟೂ ಅದರ ಒತ್ತಡ ಹೆಚ್ಚು, ಆದ್ದರಿಂದ ಪಾದಕ್ಕೆ ಹೆಚ್ಚು, ತೊಡೆಗೆ ಕಡಿಮೆ. ಇದೇ ಏರಿಳಿತವನ್ನು ಬಟ್ಟೆಯಲ್ಲಿ ತರಲು ಯತ್ನಿಸಿ ಆತ 1950ರ ಸುಮಾರಿಗೆ ಕ್ರಮಾಗತ ಒತ್ತಡದ ಕಾಲುಚೀಲವನ್ನು ತಯಾರಿಸಿದ. ನೇತ್ರಾವತಿಯಲ್ಲಿ ಎದೆಯುದ್ದದ ನೀರಿನಲ್ಲಿ ನಿಂತು ಸ್ನಾನ ಮಾಡಿದ ದಿನ ಕಾಲು ಹಗುರವೆನಿಸಿದ್ದರೆ, ಓದುಗರಿಗೂ ಈ ತತ್ತ್ವದ ಅನುಭವ ಆಗಿರಲೇಬೇಕು.

ಈ ಚೀಲದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಬಾವು ಇಳಿಯುತ್ತದೆ, ಭಾರ ಮತ್ತು ನೋವು ಕಡಿಮೆಯಾಗುತ್ತವೆ, ಹುಣ್ಣು ಮಾಯಲು ಸಹಾಯವಾಗುತ್ತದೆ, ಮಾಯ್ದ ಹುಣ್ಣು ಮರುಕಳಿಸುವುದು ಕಡಿಮೆಯಾಗುತ್ತದೆ. ಆದರೆ ಕೆಟ್ಟ ಕವಾಟವು ಇದರಿಂದ ಸರಿಯಾಗುವುದಿಲ್ಲ, ಉಬ್ಬಿದ ನಾಳ ಮಾಯವಾಗುವುದಿಲ್ಲ. ಕನ್ನಡಕ ಹಾಕಿದರೆ ಕಣ್ಣು ವಾಸಿಯಾಗುತ್ತದೆಯೇ? ಹಾಕಿದಷ್ಟು ಹೊತ್ತು ಕಾಣುತ್ತದೆ. ಇದೂ ಹಾಗೆಯೇ. ಎಲ್ಲ ಮಲಗಿದ ರೋಗಿಗಳಿಗೂ ಇದನ್ನು ತೊಡಿಸಿದರೆ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ. ಪಾರ್ಶ್ವವಾಯು ಪೀಡಿತರಾದ 2518 ರೋಗಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತೊಡೆಯವರೆಗಿನ ಚೀಲದಿಂದ ರಕ್ತ ಹೆಪ್ಪುಗಟ್ಟುವುದು ಗಣನೀಯವಾಗಿ ಕಡಿಮೆಯಾಗಲಿಲ್ಲ. ಚರ್ಮದ ಗಾಯಗಳು ಮಾತ್ರ ಹೆಚ್ಚಾದವು.

ಆರಿಸುವ ಕ್ರಮ

ಮೊದಲು ಒತ್ತಡದ ಪ್ರಮಾಣ. ಪೊಟ್ಟಣದ ಮೇಲೆ ‘ಒಂದನೆಯ ವರ್ಗ’, ‘ಎರಡನೆಯ ವರ್ಗ’ ಎಂದು ಮುದ್ರಿಸಿರುತ್ತಾರೆ. ಇದನ್ನು ನಂಬಿ ಕೊಳ್ಳಬೇಡಿರಿ. ಜರ್ಮನಿಯ ಪದ್ಧತಿಯಲ್ಲಿ ಎರಡನೆಯ ವರ್ಗವೆಂದರೆ ಪಾದರಸದ 23ರಿಂದ 32 ಮಿಲಿಮೀಟರ್. ಬ್ರಿಟಿಷ್ ಪದ್ಧತಿಯಲ್ಲಿ ಅದೇ ಎರಡನೆಯ ವರ್ಗವು 18ರಿಂದ 24 ಮಾತ್ರ. ಆದುದರಿಂದ ವರ್ಗವನ್ನು ಬಿಟ್ಟು ಮಿಲಿಮೀಟರಿನ ಅಂಕಿಯನ್ನೇ ನೋಡಬೇಕು, ವೈದ್ಯರೂ ಚೀಟಿಯಲ್ಲಿ ಅಂಕಿಯನ್ನೇ ಬರೆಯುವುದು ಒಳ್ಳೆಯದು. ಸಂಜೆಯ ಭಾರ, ಅಲ್ಪ ಬಾವು ಹಾಗೂ ಗರ್ಭಿಣಿಯರ ತೊಂದರೆಗೆ ಸಾಮಾನ್ಯವಾಗಿ 15ರಿಂದ 20ರ ಆಸುಪಾಸು ಸಾಕು. ನಾಳಗಳು ಎದ್ದು ತೋರುತ್ತಿದ್ದು ದಿನವೂ ಬಾವು ಬರುವವರಿಗೆ 20ರಿಂದ 30 ಬೇಕಾಗುತ್ತದೆ. ಚರ್ಮ ಕಂದಾದವರಿಗೆ, ಹುಣ್ಣು ಆದವರಿಗೆ ಅದಕ್ಕಿಂತಲೂ ಹೆಚ್ಚು ಬೇಕಾಗಬಹುದು. ಅದು ಪರೀಕ್ಷೆಯ ನಂತರ ವೈದ್ಯರು ನಿರ್ಧರಿಸಬೇಕಾದ ಮಾತು. ಇನ್ನೊಂದು ಅನುಭವದ ಮಾತು: ಹಾಕಲಾರದೆ ಕಪಾಟಿನಲ್ಲಿಟ್ಟ 30ರ ಚೀಲಕ್ಕಿಂತ ದಿನವೂ ಹಾಕುವ 20ರ ಚೀಲ ಮೇಲು.

ಉದ್ದದ ಬಗ್ಗೆ ಹೇಳುವುದಾದರೆ, ಹೆಚ್ಚಿನವರಿಗೆ ಮೊಣಕಾಲಿನ ಕೆಳಗಿನವರೆಗಿನ ಚೀಲವೇ ಸಾಕು. ತೊಡೆಯವರೆಗಿನದು ನಮ್ಮ ಸೆಕೆಯಲ್ಲಿ ಬೆವರಿಗೆ ಜಾರಿ, ಮೊಣಕಾಲಿನ ಬಳಿ ಸುರುಳಿಯಾಗಿ, ಅಲ್ಲಿಯೇ ಬಿಗಿದು ನಿಲ್ಲುತ್ತದೆ. ತೊಡೆಯಲ್ಲಿ ಉಬ್ಬಿದ ನಾಳಗಳಿದ್ದು ಅಲ್ಲಿಯೂ ನೋವಿರುವವರಿಗೆ ಮಾತ್ರ ಅದು ಬೇಕು. ಬೆರಳು ತೆರೆದಿರುವ ಮಾದರಿಯನ್ನು ನಾನು ಶಿಫಾರಸು ಮಾಡುತ್ತೇನೆ. ನಮ್ಮವರು ಚಪ್ಪಲಿ ಮೆಟ್ಟುವವರು, ಮನೆಯೊಳಗೆ ಬರಿಗಾಲಿನವರು. ವಿವಾಹಿತ ಸ್ತ್ರೀಯರ ಕಾಲುಂಗುರವನ್ನು ತೆಗೆಸುವುದು ಸುಲಭವಲ್ಲ, ತೆಗೆಸಬೇಕಾದ ಅಗತ್ಯವೂ ಇಲ್ಲ. ಬೆರಳು ತೆರೆದಿದ್ದರೆ ಅದರ ಬಣ್ಣವನ್ನು ಆಗಾಗ ನೋಡಲೂ ಸಾಧ್ಯ. ಕಾಲಿನ ಚೈನನ್ನು ಮಾತ್ರ ತೆಗೆದಿಡಲೇಬೇಕು, ಏಕೆಂದರೆ ಚೀಲದ ಕೆಳಗೆ ಅದು ಚರ್ಮಕ್ಕೆ ಒತ್ತಿ ಗಾಯ ಮಾಡುತ್ತದೆ.

ಅಳತೆಯೇ ಇಲ್ಲಿ ಮುಖ್ಯ. ಚಪ್ಪಲಿಯ ನಂಬರು ಹೇಳಿ ಕೊಳ್ಳುವ ವಸ್ತು ಇದಲ್ಲ. ಬೆಳಿಗ್ಗೆ ಎದ್ದೊಡನೆ, ಬಾವು ಬರುವ ಮೊದಲು, ದರ್ಜಿಯ ಟೇಪಿನಿಂದ ಮೂರು ಅಳತೆ ತೆಗೆಯಬೇಕು: ಪಾದದ ಗಂಟಿನ ಮೂಳೆಗಳಿಗಿಂತ ತುಸು ಮೇಲೆ ಕಾಲು ಅತಿ ಸಣ್ಣದಾಗಿರುವಲ್ಲಿ ಸುತ್ತಳತೆ, ಮೀನಖಂಡ ಅತಿ ದಪ್ಪವಾಗಿರುವಲ್ಲಿ ಸುತ್ತಳತೆ, ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗಿನ ಎತ್ತರ. ಎರಡು ಕಾಲುಗಳನ್ನೂ ಬೇರೆಬೇರೆಯಾಗಿ ಅಳೆದು ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ, ಪೊಟ್ಟಣದ ಮೇಲಿನ ಕೋಷ್ಟಕಕ್ಕೆ ಹೋಲಿಸಿ ನೋಡಿರಿ. ‘ಒಂದೇ ಅಳತೆ, ಎಲ್ಲರಿಗೂ ಆಗುತ್ತದೆ’ ಎಂದು ಮಾರುವ ಚೀಲವನ್ನು ಕೊಳ್ಳಬೇಡಿರಿ. ಒಂದೇ ಬಿಗಿಯ ಬಟ್ಟೆಯು ಸಣ್ಣ ಕಾಲಿನ ಮೇಲೆ ಹೆಚ್ಚು ಒತ್ತಡವನ್ನೂ ದಪ್ಪ ಕಾಲಿನ ಮೇಲೆ ಕಡಿಮೆ ಒತ್ತಡವನ್ನೂ ಉಂಟುಮಾಡುತ್ತದೆಂಬುದು ಭೌತಶಾಸ್ತ್ರದ ನಿಯಮ. ಹೀಗಿರುವಾಗ ಎಲ್ಲರಿಗೂ ಒಂದೇ ಚೀಲ ಹೇಗೆ ಆದೀತು? ಬೆಲೆಯು ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರಗಳವರೆಗೆ ಇದೆ. ಕೊಳ್ಳಲು ಸಾಧ್ಯವಿಲ್ಲದವರು ನಿರಾಶರಾಗಬೇಕಾಗಿಲ್ಲ. ಹತ್ತು ಸೆಂಟಿಮೀಟರ್ ಅಗಲದ ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಆರಂಭಿಸಿ, ಹಿಮ್ಮಡಿಯನ್ನು ಬಿಡದೆ ಮುಚ್ಚಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಮೊಣಕಾಲಿನ ಕೆಳಗಿನವರೆಗೆ ಸುತ್ತುವುದನ್ನು ನಮ್ಮ ಶುಶ್ರೂಷಾಧಿಕಾರಿಗಳು ಕಲಿಸಿಕೊಡುತ್ತಾರೆ. ಸುತ್ತುವಾಗ ಪಾದವು ಕಾಲಿಗೆ ಲಂಬವಾಗಿರಬೇಕು.

ಧರಿಸುವ ಕ್ರಮ

ತಂದ ಚೀಲವನ್ನು ಎರಡೇ ದಿನ ಹಾಕಿ ಬಿಡುವವರು ಹೆಚ್ಚಾಗಿ ಹೇಳುವ ಕಾರಣ ‘ಹಾಕಲಿಕ್ಕೇ ಆಗುವುದಿಲ್ಲ’ ಎಂಬುದು. ಕ್ರಮ ತಿಳಿದರೆ ಆಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಬೇಕು. ಎದ್ದು ಸ್ನಾನ ಮುಗಿಸಿಯೇ ಹಾಕುವ ರೂಢಿಯುಳ್ಳವರು ಕಾಲನ್ನು ಚೆನ್ನಾಗಿ ಒರೆಸಿ, ಎರಡು ದಿಂಬಿನ ಮೇಲೆ ಕಾಲಿಟ್ಟು ಹದಿನೈದು ನಿಮಿಷ ಮಲಗಿ ಅನಂತರ ಹಾಕಿರಿ. ತೆಂಗಿನೆಣ್ಣೆ ಹಚ್ಚಿದ ಕಾಲಿಗೆ ಹಾಕಕೂಡದು, ಎಣ್ಣೆಯಿಂದ ಚೀಲದ ರಬ್ಬರು ನೂಲು ಬೇಗ ಕೆಡುತ್ತದೆ. ಒಣಚರ್ಮಕ್ಕೆ ಎಣ್ಣೆ ಬೇಕಾದರೆ ರಾತ್ರಿ ಚೀಲ ತೆಗೆದ ಮೇಲೆ ಹಚ್ಚಬಹುದು.

ಕೈಯನ್ನು ಚೀಲದೊಳಗೆ ಹಿಮ್ಮಡಿಯವರೆಗೆ ತೂರಿಸಿ, ಹಿಮ್ಮಡಿಯ ಜಾಗವನ್ನು ಹಿಡಿದು ಮೇಲಿನ ಭಾಗವನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿರಿ. ಈಗ ಪಾದದ ಭಾಗ ಮಾತ್ರ ಒಂದು ಸಣ್ಣ ಜೇಬಿನಂತೆ ಉಳಿಯುತ್ತದೆ. ಅದರೊಳಗೆ ಪಾದವನ್ನು ಇಳಿಸಿ, ಚೀಲದ ಹಿಮ್ಮಡಿ ನಿಮ್ಮ ಹಿಮ್ಮಡಿಯ ಮೇಲೆಯೇ ಸರಿಯಾಗಿ ಕೂರುವಂತೆ ನೋಡಿರಿ. ಬಳಿಕ ಮಗುಚಿದ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಸರಿಸುತ್ತ ಬನ್ನಿರಿ. ಮೇಲಿನ ಅಂಚನ್ನು ಹಿಡಿದು ಜಗ್ಗುವುದು ತಪ್ಪು. ಅಂಚು ಮೊಣಕಾಲಿನ ಹಿಂದಿನ ಮಡಿಕೆಗಿಂತ ಎರಡು ಬೆರಳು ಕೆಳಗೆ ನಿಲ್ಲಬೇಕು. ಉದ್ದ ಹೆಚ್ಚಾಯಿತೆಂದು ಅಂಚನ್ನು ಮಡಿಸಿದರೆ ಒತ್ತಡ ಅಲ್ಲಿ ಇಮ್ಮಡಿಯಾಗುತ್ತದೆ. ಮಡಿಸುವ ಬದಲು ಪಾದದ ಕಡೆಯಿಂದ ಮತ್ತೆ ಸಮವಾಗಿ ಹಂಚಬೇಕು. ಎಲ್ಲಿಯೂ ಸುಕ್ಕು ಉಳಿಯಬಾರದು. ಪಾತ್ರೆ ತೊಳೆಯಲು ಬಳಸುವ ರಬ್ಬರಿನ ಕೈಗವಸು ಹಾಕಿಕೊಂಡರೆ ಹಿಡಿತ ಸಿಕ್ಕುತ್ತದೆ, ಉಗುರೂ ತಾಗುವುದಿಲ್ಲ. ಬೆರಳು ತೆರೆದ ಚೀಲವನ್ನು ಹಾಕಲು ಇನ್ನೊಂದು ಉಪಾಯವಿದೆ: ಪಾದಕ್ಕೆ ಮೊದಲು ತೆಳುವಾದ ಪ್ಲಾಸ್ಟಿಕ್ ಚೀಲ ತೊಡಿಸಿ, ಅದರ ಮೇಲಿನಿಂದ ಕಾಲುಚೀಲವನ್ನು ಜಾರಿಸಿ, ಕೊನೆಗೆ ಪ್ಲಾಸ್ಟಿಕನ್ನು ಬೆರಳುಗಳ ಕಡೆಯಿಂದ ಎಳೆದು ತೆಗೆಯಿರಿ. ಕಾಲುಂಗುರಕ್ಕೆ ನೂಲು ಸಿಕ್ಕಿಕೊಳ್ಳುವ ತಾಪತ್ರಯ ಇದರಿಂದ ತಪ್ಪುತ್ತದೆ.

ಹಾಕಿದ ಬಳಿಕ ಬಿಗಿ ಅನಿಸಬೇಕು, ನೋವು ಅನಿಸಬಾರದು. ಬೆರಳು ನೀಲಿಯಾದರೆ, ಬಿಳಿಚಿಕೊಂಡರೆ, ಜೋಮು ಹಿಡಿದರೆ ತಕ್ಷಣ ತೆಗೆದು ವೈದ್ಯರಿಗೆ ತೋರಿಸಬೇಕು. ರಾತ್ರಿ ಮಲಗುವಾಗ ಸಾಮಾನ್ಯವಾಗಿ ತೆಗೆದಿಡಬೇಕು. ಪೂಜೆಗೆ, ನಮಾಜಿಗೆ ಕಾಲು ತೊಳೆಯಬೇಕಾದವರು ತೆಗೆದು ತೊಳೆದು, ಚೆನ್ನಾಗಿ ಒರೆಸಿ, ಅವಕಾಶವಿದ್ದಲ್ಲಿ ಸ್ವಲ್ಪ ಮಲಗಿ ಮತ್ತೆ ಹಾಕಿಕೊಳ್ಳಬಹುದು. ಆ ಹೊತ್ತಿನಿಂದ ಚಿಕಿತ್ಸೆ ಕೆಡುವುದಿಲ್ಲ. ತೋಟದ ಕೆಸರಿನಲ್ಲಿ, ಗದ್ದೆಯಲ್ಲಿ ದುಡಿಯುವವರು ಆ ಕೆಲಸದ ಹೊತ್ತಿನಲ್ಲಿ ಚೀಲ ಹಾಕಬೇಕೆಂದು ನಾನು ಒತ್ತಾಯಿಸುವುದಿಲ್ಲ. ನಡೆದಾಡುವ ಕೆಲಸದಲ್ಲಿ ಮೀನಖಂಡ ತಾನೇ ದುಡಿಯುತ್ತದೆ, ಒದ್ದೆ ಚೀಲವಾದರೋ ಬೆರಳುಸಂದಿಗಳನ್ನು ಕೊಳೆಯಿಸುತ್ತದೆ. ಅವರು ಮನೆಗೆ ಬಂದು ಕಾಲು ತೊಳೆದು ಒರೆಸಿ, ಅಡಿಕೆ ಸುಲಿಯಲು ಕುಳಿತುಕೊಳ್ಳುವ ಮೊದಲು ಹಾಕಿಕೊಳ್ಳಲಿ.

ಮಳೆಗಾಲದಲ್ಲಿ ಇದನ್ನು ಒಣಗಿಸುವುದೇ ನಮ್ಮಲ್ಲಿ ದೊಡ್ಡ ಸಮಸ್ಯೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಹರಡುವುದು ಅನೇಕ ಮನೆಗಳ ಪದ್ಧತಿ. ಕಾಲುಚೀಲವನ್ನು ಮಾತ್ರ ಅಲ್ಲಿ ಹಾಕಬೇಡಿರಿ. ಶಾಖದಿಂದ ನೂಲಿನ ಹಿಗ್ಗುವ ಶಕ್ತಿ ಹೋಗುತ್ತದೆ, ನೋಡಲು ಹೊಸದರಂತೆಯೇ ಇದ್ದರೂ ಒತ್ತಡ ಉಳಿದಿರುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಸಾಧಾರಣ ಸಾಬೂನಿನಿಂದ ಕೈಯಲ್ಲೇ ಒಗೆದು, ಹಿಂಡದೆ, ಒಣ ಟವೆಲಿನೊಳಗೆ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಫ್ಯಾನಿನ ಗಾಳಿಗೆ ಅಥವಾ ನೆರಳಿನಲ್ಲಿ ಹರಡಿರಿ. ಒಂದು ಜೊತೆ ಒಗೆದಾಗ ಹಾಕಲು ಇನ್ನೊಂದು ಜೊತೆ ಇರುವುದು ಉತ್ತಮ. ದಿನವೂ ಬಳಸಿದರೆ ಸುಮಾರು ಆರು ತಿಂಗಳಲ್ಲಿ ಚೀಲ ಸಡಿಲವಾಗುತ್ತದೆ. ಯಾವ ಕಷ್ಟವೂ ಇಲ್ಲದೆ ಸಲೀಸಾಗಿ ಕಾಲಿಗೇರತೊಡಗಿದರೆ ಸಂತೋಷಪಡಬೇಡಿರಿ, ಬದಲಿಸುವ ಕಾಲ ಬಂದಿದೆ ಎಂದು ತಿಳಿಯಿರಿ.

ಗರ್ಭಿಣಿಯರು, ಬಾಣಂತಿಯರು, ಕುಟುಂಬ ಯೋಜನೆ

ಗರ್ಭಕಾಲದಲ್ಲಿ ದೇಹದ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ, ಹಾರ್ಮೋನಿನ ಪ್ರಭಾವದಿಂದ ನಾಳಗಳ ಗೋಡೆ ಸಡಿಲವಾಗುತ್ತದೆ, ಬೆಳೆಯುವ ಗರ್ಭಾಶಯ ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಕಾಲಿನಲ್ಲಿ ನಾಳ ಉಬ್ಬಲು ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ. ಹೆರಿಗೆಯ ನಂತರ ಕೆಲವು ತಿಂಗಳುಗಳಲ್ಲಿ ಇದು ಬಹುಮಟ್ಟಿಗೆ ಇಳಿಯುವುದರಿಂದ ಗರ್ಭಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಎಡಮಗ್ಗುಲಾಗಿ ಮಲಗುವುದು, ನಡೆದಾಡುವುದು, ಹಗುರ ಒತ್ತಡದ ಕಾಲುಚೀಲ ಇಷ್ಟೇ ಸಾಕು. ಕೆಲವರಿಗೆ ಗುಪ್ತಾಂಗದ ಬಳಿಯೂ ನಾಳಗಳು ಉಬ್ಬುವುದುಂಟು. ನಾಚಿಕೆಯಿಂದ ಮುಚ್ಚಿಡದೆ ಆರೋಗ್ಯ ಸಹಾಯಕಿಗೆ ತಿಳಿಸಬೇಕು.

ಬಾಣಂತಿಯನ್ನು ಹಾಸಿಗೆಯಿಂದ ಏಳಗೊಡದಿರುವುದು ಪ್ರೀತಿಯಿಂದ ಮಾಡುವ ಆರೈಕೆ ನಿಜ. ಆದರೆ ಹೆರಿಗೆಯಾದ ಆರು ವಾರಗಳಲ್ಲಿ, ವಿಶೇಷವಾಗಿ ಸಿಸೇರಿಯನ್ ಆದವರಲ್ಲಿ, ಕಾಲಿನ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ವೈದ್ಯರು ಹೇಳಿದೊಡನೆ ಎದ್ದು ನಡೆದಾಡಿಸಬೇಕು. ಒಂದೇ ಕಾಲು ಹಠಾತ್ತಾಗಿ ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದಲ್ಲಿ ಎಣ್ಣೆ ಹಚ್ಚಿ ನೀವಲೇಬಾರದು. ನೀವಿದ ಕೈಯಿಂದಲೇ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಆಗ ಉಸಿರುಕಟ್ಟುವಿಕೆ, ಎದೆನೋವು ಉಂಟಾಗಿ ಪ್ರಾಣಾಪಾಯ ಸಂಭವಿಸುತ್ತದೆ.

ಅಭಿಧಮನಿ ಉಬ್ಬಿದ ಮಾತ್ರಕ್ಕೆ ಯಾವ ಗರ್ಭನಿರೋಧಕ ವಿಧಾನವೂ ನಿಷಿದ್ಧವಲ್ಲ. ಆದರೆ ಒಮ್ಮೆಯಾದರೂ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು ಮಾಲಾ-ಎನ್ ಮಾತ್ರೆಯಂತಹ, ಈಸ್ಟ್ರೋಜನ್ ಸೇರಿರುವ ಗುಳಿಗೆಗಳನ್ನು ಸೇವಿಸತಕ್ಕದ್ದಲ್ಲ. ಅವರಿಗೆ ತಾಮ್ರದ ಟಿ ಉತ್ತಮ. ಕುಟುಂಬ ಪೂರ್ಣವಾಗಿದ್ದರೆ ಪತಿಯ ಸಂತಾನಹರಣ ಶಸ್ತ್ರಚಿಕಿತ್ಸೆ ಇನ್ನೂ ಉತ್ತಮ. ಗುಳಿಗೆ ಕೇಳಲು ಬರುವವರು ಈ ಪೂರ್ವಚರಿತ್ರೆಯನ್ನು ಕೇಳದಿದ್ದರೂ ಹೇಳಬೇಕು.

ಹುಣ್ಣು, ಶಸ್ತ್ರಚಿಕಿತ್ಸೆ ಮತ್ತು ರಕ್ತಸ್ರಾವ

ಪಾದದ ಗಂಟಿನ ಒಳಬದಿಯಲ್ಲಿ ಎರಡು ವಾರಗಳಿಗೂ ಹೆಚ್ಚು ಕಾಲ ಮಾಯದ ಹುಣ್ಣಿದ್ದರೆ ಮುಲಾಮು ಬದಲಿಸುತ್ತ ಕಾಲ ಕಳೆಯಬೇಡಿರಿ. ಅರಿಸಿನ, ತಂಬಾಕಿನ ಹುಡಿ, ಕಾಫಿ ಹುಡಿ, ಕೊನೆಗೆ ಅಂಗಡಿಯಿಂದ ತಂದ ಜೀವನಿರೋಧಕ ಮಾತ್ರೆ, ಹೀಗೆ ಎಲ್ಲವನ್ನೂ ಮುಗಿಸಿ ಎರಡು ಮೂರು ವರ್ಷಗಳ ಹುಣ್ಣಿನೊಡನೆ ಬರುವ ಹೆಂಗಸರಿದ್ದಾರೆ. ಅವರ ಹುಣ್ಣಿನ ಮೂಲ ಚರ್ಮದಲ್ಲಿಲ್ಲ, ಮೇಲಿನ ಕವಾಟದಲ್ಲಿದೆ. ಅಪಧಮನಿ ಆರೋಗ್ಯವಾಗಿದೆಯೆಂದು ಖಚಿತಪಡಿಸಿಕೊಂಡು ಸರಿಯಾದ ಒತ್ತಡದ ಪಟ್ಟಿ ಕಟ್ಟಿದರೆ ಇವುಗಳಲ್ಲಿ ಬಹಳಷ್ಟು ಹುಣ್ಣುಗಳು ಕೆಲವು ತಿಂಗಳುಗಳಲ್ಲಿ ಮಾಯುತ್ತವೆ. ಕೆಟ್ಟ ನಾಳವನ್ನು ಬೇಗನೆ ಮುಚ್ಚಿದರೆ ಇನ್ನೂ ಬೇಗ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒತ್ತಡದ ಪಟ್ಟಿಯ ಜೊತೆಗೆ ನಾಳವನ್ನು ಆರಂಭದಲ್ಲೇ ಮುಚ್ಚಿದವರ ಹುಣ್ಣು ಮಾಯಲು ತಗಲಿದ ಮಧ್ಯಮ ಅವಧಿ 56 ದಿನ, ಆ ಚಿಕಿತ್ಸೆಯನ್ನು ಮುಂದೂಡಿದವರಲ್ಲಿ 82 ದಿನ. ಲೇಸರ್, ರೇಡಿಯೋ ತರಂಗ, ಚುಚ್ಚುಮದ್ದು, ನಾಳವನ್ನು ಕಟ್ಟಿ ತೆಗೆಯುವ ಹಳೆಯ ಶಸ್ತ್ರಚಿಕಿತ್ಸೆ, ಈ ಎಲ್ಲ ವಿಧಾನಗಳಿವೆ. ಯಾವುದು ತಕ್ಕದ್ದೆಂಬುದು ಡಾಪ್ಲರ್ ಪರೀಕ್ಷೆಯಿಂದ ತಿಳಿಯುತ್ತದೆ. ತಾಲ್ಲೂಕಿನ ಆಸ್ಪತ್ರೆಯಿಂದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಕಳುಹಿಸುವ ಚೀಟಿ ಪಡೆಯುವಾಗ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆಗೆ ಸಹಾಯವಿದೆಯೇ ಎಂಬುದನ್ನು ಆರೋಗ್ಯಮಿತ್ರರಲ್ಲಿ ವಿಚಾರಿಸಿರಿ.

ತೆಳುವಾದ ಚರ್ಮದ ಕೆಳಗೆ ಉಬ್ಬಿದ ನಾಳವು ಮುಳ್ಳು ಗೀರಿದರೆ, ಉಂಬಳ ಕಚ್ಚಿದರೆ, ಕೆಲವೊಮ್ಮೆ ಬಿಸಿನೀರಿನ ಸ್ನಾನದ ಹೊತ್ತಿನಲ್ಲಿ ತಾನಾಗಿಯೇ ಒಡೆಯಬಹುದು. ನೋವಿಲ್ಲದೆ ರಕ್ತ ಹರಿಯುತ್ತದೆ. ನಿಂತೇ ಇದ್ದರೆ ಪ್ರಾಣಕ್ಕೂ ಅಪಾಯ. ಗಾಯದ ಮೇಲ್ಭಾಗಕ್ಕೆ ಹಗ್ಗ ಅಥವಾ ಬೈರಾಸು ಬಿಗಿಯಬೇಡಿರಿ, ಅದರಿಂದ ನಾಳ ಇನ್ನಷ್ಟು ತುಂಬಿ ಸ್ರಾವ ಹೆಚ್ಚುತ್ತದೆ. ಇದ್ದಲ್ಲಿಯೇ ಅಂಗಾತ ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆಯೇ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆರೆದು ನೋಡಬೇಡಿರಿ. ರಕ್ತ ನಿಂತ ಬಳಿಕ ಅದೇ ಬಟ್ಟೆಯ ಮೇಲೆ ಪಟ್ಟಿ ಸುತ್ತಿ, ಕಾಲನ್ನು ಎತ್ತಿಯೇ ಇಟ್ಟುಕೊಂಡು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ತರಬೇಕು.